ನೆಗ್ಗಿಲು ಮುಳ್ಳು, ಮೂರು ಸೈಕಲ್ಲು, ಅರ್ಧ ಲೀಟರ್ ಸೀಲೆಂಟ್

ನಮ್ಮೂರು ಮಧುಗಿರಿ ತಾಲ್ಲೂಕಿನಲ್ಲಿದೆ. ಮಧುಗಿರಿ–ಶಿರಾ ರಸ್ತೆಯ ಬಡವನಹಳ್ಳಿಯಿಂದ ಒಳಕ್ಕೆ ನಾಲ್ಕು ಕಿಲೋಮೀಟರ್. ಮನೆಯಲ್ಲಿ ಮೂರು ಸೈಕಲ್. ನನ್ನದು 26 × 1.95, ದಪ್ಪ ಟೈರಿನದು, ಮೋಟರ್ ಸೈಕಲ್ಲಿಗೆ ಇರುವಂಥ ಪಿನ್ ವಾಲ್. ಒಂಬತ್ತನೇ ಕ್ಲಾಸಿನ ಮಗಳದು 26 × 1 3/8 ಲೇಡೀಸ್ ಸೈಕಲ್, ಹಳೇ ಕಾಲದ ವಾಲ್ ಟ್ಯೂಬಿನದು, ಅಂದರೆ ವಾಲಿನ ಒಳಗೆ ಸಣ್ಣ ರಬ್ಬರ್ ನಳಿಕೆ ಇರುವಂಥದ್ದು. ಅಪ್ಪನದು ಡೇರಿಗೆ ಹಾಲಿನ ಕ್ಯಾನ್ ಹೇರುವ ಕರಿ ಸೈಕಲ್, 28 × 1 1/2, ಅದೂ ವಾಲ್ ಟ್ಯೂಬಿನದೇ.

ಕೆರೆ ಏರಿಯ ಮೇಲೆ ಬಳ್ಳಾರಿ ಜಾಲಿ, ಕಡ್ಲೆಕಾಯಿ ಹೊಲದ ದಾರಿಯಲ್ಲಿ ನೆಗ್ಗಿಲು. ಮಗಳು ಸ್ಕೂಲಿಗೆ ಹೋಗುವ ದಾರಿಯಲ್ಲಿ ಎರಡೂ ಸಿಗುತ್ತವೆ. ನೆಗ್ಗಿಲು ಕಾಯಿ ಒಣಗಿದರೆ ಐದು ಹೋಳಾಗಿ ಬೀಳುತ್ತದೆ. ಒಂದೊಂದು ಹೋಳಿಗೂ ಎರಡು ಉದ್ದ, ಎರಡು ಗಿಡ್ಡ ಮುಳ್ಳು. ಹೇಗೆ ಬಿದ್ದರೂ ಒಂದು ಮುಳ್ಳು ಆಕಾಶ ನೋಡುತ್ತಲೇ ಇರುತ್ತದೆ. ಹಿಂದಿನ ನವೆಂಬರ್ 1ರಿಂದ ಜನವರಿ 15ರ ತನಕ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾ ಬಂದೆ: ನನ್ನದು 6 ಪಂಚರ್, ಮಗಳದು 8, ಅಪ್ಪನದು 3. ಒಟ್ಟು ಹದಿನೇಳು. ಅಂಗಡಿಯಲ್ಲಿ ಒಂದಕ್ಕೆ 30 ರೂಪಾಯಿ. ಹೆಚ್ಚಿನವನ್ನು ನಾನೇ ಹಾಕಿದೆ, ದುಡ್ಡಿನ ಲೆಕ್ಕ ಬಿಡಿ. ಆದರೆ ಎಂಟರಲ್ಲಿ ಮೂರು ಸಲ ಮಗಳು ಏರಿಯ ಮೇಲಿಂದ ಸೈಕಲ್ ತಳ್ಳಿಕೊಂಡು ಮೊದಲನೇ ಪೀರಿಯಡ್ ಮುಗಿದ ಮೇಲೆ ಸ್ಕೂಲು ಸೇರಿದಳು. ಅದಕ್ಕೇ ಸೀಲೆಂಟ್, ಅಂದರೆ ಟ್ಯೂಬಿನ ಒಳಗೆ ಸುರಿದರೆ ಮುಳ್ಳಿನ ತೂತನ್ನು ತಾನೇ ಮುಚ್ಚುವ ದ್ರವ, ಹಾಕಿ ನೋಡೋಣ ಅನ್ನಿಸಿದ್ದು. ಅಮೆರಿಕದ ಪಶ್ಚಿಮದ ಒಣ ಸೀಮೆಯಲ್ಲೂ ಸೈಕಲ್ಲಿನವರಿಗೆ ಕಾಟ ಕೊಡುವುದು ಇದೇ ನೆಗ್ಗಿಲು. ಸ್ಲೈಮ್ ಅನ್ನುವ ಹಸಿರು ಸೀಲೆಂಟ್ 1989ರಲ್ಲಿ ಶುರುವಾಗಿದ್ದೂ ಆ ಕಡೆಯ ಕ್ಯಾಲಿಫೋರ್ನಿಯಾದಲ್ಲೇ. ಅಲ್ಲಿಯ ಮುಳ್ಳಿಗೆ ನಿಂತದ್ದು ಇಲ್ಲಿಯ ಮುಳ್ಳಿಗೂ ನಿಲ್ಲಬೇಕಲ್ಲ.

ಯಾವ ದಿನ ಏನು ಮಾಡಿದೆ, ಎಲ್ಲಿ ಕೆಟ್ಟಿತು ಅನ್ನುವುದನ್ನು ಕ್ರಮವಾಗಿ ಬರೆದಿದ್ದೇನೆ. ಎಲ್ಲಾ 2025ರದು.

ಜನವರಿ 18: ಸಾಮಾನು

ತುಮಕೂರಿಗೆ ಹೋದಾಗ ಬೈಕ್ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ 500 ಎಂ.ಎಲ್. ಬಾಟಲಿ ತಂದೆ, 340 ರೂಪಾಯಿ. ಹಸಿರು ಬಣ್ಣ, ಗ್ಲೈಕಾಲಿನ ದ್ರವ, ಒಳಗೆ ಸಣ್ಣ ನಾರು ತೇಲುತ್ತದೆ. ಪಕ್ಕದಲ್ಲೇ ಕಾರಿಗೆ ಹಾಕುವುದೂ ಇತ್ತು. ಬಾಟಲಿ ಅಲ್ಲಾಡಿಸಿದರೆ ಅದರಲ್ಲಿ ರಬ್ಬರ್ ಚೂರುಗಳು ದಪ್ಪ ದಪ್ಪ ಕಂಡವು. ಸೈಕಲ್ ವಾಲಿನ ತೂತಿನಲ್ಲಿ ಅವು ಇಳಿಯುವುದಿಲ್ಲ ಅನ್ನಿಸಿ ಬಿಟ್ಟೆ.

ಮೆಡಿಕಲ್ ಸ್ಟೋರಿನಲ್ಲಿ 60 ಎಂ.ಎಲ್. ಸಿರಿಂಜ್, 45 ರೂಪಾಯಿ. ಅದರ ಮೂತಿಗೂ ವಾಲಿನ ಬಾಯಿಗೂ ಬಿಗಿಯಾಗಿ ಕೂರುವ ಪ್ಲಾಸ್ಟಿಕ್ ಪೈಪು ಒಂದು ಅಡಿ, 10 ರೂಪಾಯಿ. ವಾಲ್ ಪಿನ್ ಬಿಚ್ಚುವ ಚಾವಿ, 40 ರೂಪಾಯಿ. ಒಟ್ಟು 435. ಗಾಳಿ ಮೀಟರ್ ಇರುವ ಕಾಲ್ಪಂಪು ಮನೆಯಲ್ಲೇ ಇತ್ತು.

ಚಾವಿ ಸಿಗದವರು ಹಳೇ ಲೋಹದ ವಾಲ್ ಕ್ಯಾಪುಗಳನ್ನು ನೋಡಿ. ಕೆಲವಕ್ಕೆ ತುದಿಯಲ್ಲಿ ಕವಲು ಇರುತ್ತದೆ, ಅದರಲ್ಲೇ ಪಿನ್ ಬಿಚ್ಚಬಹುದು.

ಜನವರಿ 19: ನನ್ನ ಸೈಕಲ್, ಹಿಂದಿನ ಚಕ್ರ, ಮೊದಲನೇ ಸಲ

ಎರಡು ತಪ್ಪು ಮಾಡಿದೆ, ಎರಡೂ ಆತುರದ್ದು.

ಮೊದಲನೆಯದು, ಗಾಳಿ ಪೂರ್ತಿ ಬಿಡದೆ ಪಿನ್ ತಿರುಗಿಸಿದೆ. ಇನ್ನೂ ಇಪ್ಪತ್ತು ಪಾಯಿಂಟ್ ಗಾಳಿ ಇದ್ದಿರಬೇಕು. ಕೊನೇ ಸುತ್ತಿಗೆ ಪಿನ್ನು ಚಿಟ್ಟನೆ ಹಾರಿ ಹುಲ್ಲಿನ ಬಣವೆ ಕಡೆ ಹೋಯಿತು. ಅರ್ಧ ಗಂಟೆ ಹುಡುಕಿದರೂ ಸಿಗಲಿಲ್ಲ. ಬಡವನಹಳ್ಳಿಗೆ ಹೋಗಿ 10 ರೂಪಾಯಿಗೆ ಬೇರೆ ಪಿನ್ ತಂದೆ. ಪಿನ್ ನಡುವಿನ ಕಡ್ಡಿ ಒತ್ತಿ ಗಾಳಿಯೆಲ್ಲಾ ಬಿಡಿ, ಟೈರನ್ನು ಕೈಯಿಂದ ಅಮುಕಿ ನೋಡಿ, ಆಮೇಲೆ ಚಾವಿ ಹಾಕಿ. ಬಿಚ್ಚುವಾಗ ವಾಲಿನ ಬಾಯಿಗೆ ಬಟ್ಟೆ ಅಡ್ಡ ಹಿಡಿದಿರಿ.

ಎರಡನೆಯದು ದೊಡ್ಡದು. ಆ ಟ್ಯೂಬಿಗೆ ಆಗಲೇ ಐದು ಪ್ಯಾಚ್ ಬಿದ್ದಿದ್ದವು. ಸೀಲೆಂಟ್ ಹಾಕಿದರೆ ಹಳೇ ಟ್ಯೂಬಿಗೂ ಜೀವ ಬರುತ್ತದೆ ಅಂದುಕೊಂಡು ಅದಕ್ಕೇ 120 ಎಂ.ಎಲ್. ಹಾಕಿದೆ. ವಾಲನ್ನು ಮೇಲ್ಗಡೆಗೆ ತಂದು ಸಿರಿಂಜಿನಲ್ಲಿ ಎರಡು ಸಲ 60, 60. ಪಿನ್ ಹಾಕಿ 45 ಪಾಯಿಂಟ್ ಗಾಳಿ ಹೊಡೆದು, ಐದು ನಿಮಿಷ ಚಕ್ರ ತಿರುಗಿಸಿ, ಮೂರು ಕಿಲೋಮೀಟರ್ ಓಡಿಸಿ ಬಂದೆ. ಚಕ್ರ ಬಿಟ್ಟರೆ ಸೀಲೆಂಟಿನ ತೂಕಕ್ಕೆ ಸ್ವಲ್ಪ ತೂಗಿ ನಿಲ್ಲುತ್ತದೆ, ತುಳಿಯುವಾಗ ಅದು ಗೊತ್ತಾಗುವುದಿಲ್ಲ.

ಆರು ದಿನ ಚೆನ್ನಾಗಿತ್ತು. ಏಳನೇ ದಿನ ಬೆಳಿಗ್ಗೆ ಟೈರು ನೆಲಕ್ಕೆ ಅಂಟಿತ್ತು, ರಿಮ್ಮಿನ ಕಡ್ಡಿ ತೂತುಗಳಿಂದ ಹಸಿರು ನೀರು ಸೋರುತ್ತಿತ್ತು. ಬಿಚ್ಚಿ ನೋಡಿದರೆ ವಾಲಿನ ಬುಡದಲ್ಲಿ ಸೀಳು. ಹಳೇ ಟ್ಯೂಬು, ಕಡಿಮೆ ಗಾಳಿಯಲ್ಲಿ ಎಷ್ಟೋ ದಿನ ಓಡಿ ವಾಲಿನ ಬುಡ ಎಳೆದಿತ್ತು. ಸೀಲೆಂಟ್ ತೂತು ಮುಚ್ಚುತ್ತದೆ, ಸೀಳು ಮುಚ್ಚುವುದಿಲ್ಲ. ಒಂದು ಪ್ಯಾಚಿನ ಅಂಚೂ ಎದ್ದಿತ್ತು. 120 ಎಂ.ಎಲ್. ಪೂರಾ ಹೋಯಿತು.

ಫೆಬ್ರವರಿ 2: ಹೊಸ ಟ್ಯೂಬು, ಬೇಕೆಂದೇ ಮುಳ್ಳು ಚುಚ್ಚಿದ್ದು

ಹೊಸ ಟ್ಯೂಬು 180 ರೂಪಾಯಿ. ಹಾಕುವ ಮುಂಚೆ ಟೈರಿನ ಒಳಗನ್ನು ಹತ್ತಿಯಿಂದ ಸುತ್ತಲೂ ಒರೆಸಿದೆ. ಮುಳ್ಳಿನ ತುದಿ ಎಲ್ಲಿ ಇದ್ದರೂ ಹತ್ತಿ ಎಳೆ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಕೈಬೆರಳಲ್ಲಿ ಹುಡುಕಿದಾಗ ಸಿಗದ ನಾಲ್ಕು ತುದಿ ಸಿಕ್ಕವು. ನೆಗ್ಗಿಲಿನ ಬುರುಡೆ ಓಡುತ್ತಾ ಓಡುತ್ತಾ ಸವೆದು ಹೋಗಿ ಮುಳ್ಳಿನ ತುದಿ ಮಾತ್ರ ರಬ್ಬರಿನಲ್ಲಿ ಉಳಿಯುತ್ತದೆ. ಹೊರಗಿಂದ ಕಾಣುವುದೇ ಇಲ್ಲ. ಹಿಂದೆಲ್ಲಾ ಪಂಚರ್ ಹಾಕಿದ ಮರುದಿನವೇ ಪಂಚರ್ ಆಗುತ್ತಿದ್ದದ್ದು ಇದರಿಂದಲೇ ಇರಬೇಕು. ಪಕ್ಕಡಿನಲ್ಲಿ ಒಂದೊಂದನ್ನೇ ಒಳಗಡೆಯಿಂದ ಎಳೆದೆ.

120 ಎಂ.ಎಲ್. ಹಾಕಿ, 45 ಪಾಯಿಂಟ್ ಗಾಳಿ. ಬಾಟಲಿಯಲ್ಲಿ 260 ಉಳಿಯಿತು.

ರಸ್ತೆಯಲ್ಲಿ ಪಂಚರ್ ಆಗುವುದನ್ನು ಕಾಯುವ ಬದಲು ಮನೆಯಂಗಳದಲ್ಲೇ ಪರೀಕ್ಷೆ ಮಾಡೋಣ ಅಂತ ಮಗಳು ಹೊಲದ ಬದುವಿನಿಂದ ಹತ್ತು ನೆಗ್ಗಿಲು ಆರಿಸಿ ತಂದಳು. ನೆಲದ ಮೇಲೆ ಸಾಲಾಗಿ ಇಟ್ಟು, ಸೈಕಲ್ ಮೇಲೆ ನಾನು ಕೂತು ಹಾಯಿಸಿದೆ. ಹತ್ತೂ ಹತ್ತಿದವು. ಒಂದೊಂದೇ ಕಿತ್ತು ಚಕ್ರ ತಿರುಗಿಸಿದಾಗ ಎಂಟು ತೂತು ಒಂದೆರಡು ಸುತ್ತಿನಲ್ಲೇ ಮುಚ್ಚಿಕೊಂಡವು. ಪುಸ್ಸೆಂದು ಒಂದು ಹನಿ ಹಸಿರು ಬಂದು ನಿಂತಿತು. ಉಳಿದ ಎರಡಕ್ಕೆ ತೂತನ್ನು ಕೆಳಕ್ಕೆ ತಂದು ಒಂದು ನಿಮಿಷ ನಿಲ್ಲಿಸಬೇಕಾಯಿತು. ಎಲ್ಲಾ ಮುಗಿದ ಮೇಲೆ ಮೀಟರ್ ನೋಡಿದರೆ 38. ಹತ್ತು ಪಂಚರಿಗೆ ಏಳು ಪಾಯಿಂಟ್ ಗಾಳಿ. ಮಗಳು ಕೈ ತಟ್ಟಿದಳು. ನನಗೂ ಅಷ್ಟೇ ಸಂತೋಷವಾಯಿತು.

ಆಮೇಲೆ ಸುಮಾರು ಎರಡು ಮಿಲಿಮೀಟರ್ ದಪ್ಪದ ಮೊಳೆ ಹೊಡೆದು ಕಿತ್ತೆ. ಚಿಲುಮೆ ಹಾರಿತು. 20 ಪಾಯಿಂಟಿಗೆ ಇಳಿದ ಮೇಲೆ ನಿಂತಿತು. ಮತ್ತೆ ಗಾಳಿ ಹೊಡೆದರೆ 35ರ ತನಕ ಸರಿ. ಆತುರ ಪಟ್ಟು 50ಕ್ಕೆ ಏರಿಸಿದೆ, ಬೆಣೆ ಕಿತ್ತು ಮತ್ತೆ ಚಿಮ್ಮಿತು. ಎರಡನೇ ಸಲ ಮುಚ್ಚಿದ ಮೇಲೆ 35ರಲ್ಲಿ ಎರಡು ಕಿಲೋಮೀಟರ್ ಓಡಿಸಿ, ರಾತ್ರಿ ಬಿಟ್ಟು, ಬೆಳಿಗ್ಗೆ 40 ಮಾಡಿದೆ. ಹಾಗೇ ನಿಂತಿತು. ದೊಡ್ಡ ತೂತು ಬಿದ್ದರೆ ಗಾಳಿ ಕಡಿಮೆ ಇರುವಾಗಲೇ ಅದು ಗಟ್ಟಿಯಾಗಬೇಕು.

ಫೆಬ್ರವರಿ 16: ಅಪ್ಪನ ಸೈಕಲ್

ವಾಲ್ ಟ್ಯೂಬಿನ ವಾಲಿನಲ್ಲಿ ಹಾಕುವುದು ಬಲು ಸುಲಭ. ಮೇಲಿನ ನಟ್ಟು ಬಿಚ್ಚಿದರೆ ವಾಲ್ ಪೂರಾ ಈಚೆ ಬರುತ್ತದೆ, ಚಾವಿ ಬೇಡ, ತೂತೂ ಅಗಲ. ಹಿಂದಿನ ಚಕ್ರಕ್ಕೆ 100 ಎಂ.ಎಲ್. ಸರಾಗವಾಗಿ ಇಳಿಯಿತು.

"ಏನ್ಲಾ ಅದು, ಹಸಿರು ಗಂಜಿ ಕುಡುಸ್ತಾ ಇದ್ದೀಯಾ?" ಅಂದರು ಅಪ್ಪ.

"ಮುಳ್ಳು ಚುಚ್ಚಿದ್ರೂ ಗಾಳಿ ಹೋಗಲ್ಲ ಕಣಪ್ಪಾ."

"ನಾಳೆ ಬೆಳಿಗ್ಗೆ ಎರಡು ಕ್ಯಾನ್ ಹಾಲು ಐತೆ. ನೋಡ್ಕಂಡು ಮಾಡು."

ಬೆಳಿಗ್ಗೆ ಐದೂವರೆಗೆ ಅಪ್ಪ ಎಬ್ಬಿಸಿದರು. ಟೈರು ಮೆತ್ತಗೆ. ಗಾಳಿ ಹೊಡೆದೆ, ಹಾಲು ಹೇರಿದೆವು, ಊರ ಬಾಗಿಲು ದಾಟುವಷ್ಟರಲ್ಲಿ ಮತ್ತೆ ಇಳಿಯಿತು. ಕ್ಯಾನುಗಳನ್ನು ಬೈಕಿಗೆ ಕಟ್ಟಿಕೊಂಡು ನಾನೇ ಡೇರಿಗೆ ಓಡಿದೆ. ಅಪ್ಪ ಏನೂ ಅನ್ನಲಿಲ್ಲ.

ಟ್ಯೂಬಿನಲ್ಲಿ ತೂತೇ ಇರಲಿಲ್ಲ. ಗಾಳಿ ಹೋಗುತ್ತಿದ್ದದ್ದು ವಾಲಿನಿಂದ. ಈ ವಾಲಿನಲ್ಲಿ ಗಾಳಿ ತಡೆಯುವುದು ಹಿತ್ತಾಳೆ ಕಡ್ಡಿಯ ಪಕ್ಕದ ಸಣ್ಣ ತೂತಿನ ಮೇಲೆ ಬಿಗಿಯಾಗಿ ಹೊದ್ದಿರುವ ರಬ್ಬರ್ ನಳಿಕೆ ಒಂದೇ. ಸೀಲೆಂಟಿನ ನಾರು ಒಂದೆಳೆ ಆ ನಳಿಕೆಗೂ ಹಿತ್ತಾಳೆಗೂ ನಡುವೆ ಸಿಕ್ಕಿದರೆ ಸಾಕು, ರಾತ್ರಿಯೆಲ್ಲಾ ಗಾಳಿ ಸೋರುತ್ತದೆ. ನಳಿಕೆ ಬದಲಾಯಿಸಿದೆ, ಎರಡು ದಿನಕ್ಕೆ ಮತ್ತೆ ಅದೇ. ನಿಲ್ಲಿಸುವಾಗಲೆಲ್ಲಾ ವಾಲ್ ಮೇಲಿರುವಂತೆ ನಿಲ್ಲಿಸಿ ನೋಡಿದೆ. ಹಾಲಿನ ಕ್ಯಾನ್ ಇಳಿಸುವ ಮನುಷ್ಯನಿಗೆ ದಿನಕ್ಕೆ ನಾಲ್ಕು ಸಲ ವಾಲ್ ಎಲ್ಲಿದೆ ಅಂತ ನೋಡು ಅನ್ನುವುದು ನ್ಯಾಯವಲ್ಲ. ಬಿಚ್ಚಿಬಿಟ್ಟೆ.

ಟ್ಯೂಬನ್ನು ವಾಲ್ ಕೆಳಗಿರುವಂತೆ ಮೊಳೆಗೆ ತಗುಲಿಸಿ, ತುದಿಯಿಂದ ಹಿಂಡುತ್ತಾ ಬಂದರೆ 85 ಎಂ.ಎಲ್. ವಾಪಸ್ಸು ಸಿಕ್ಕಿತು. ಇಲ್ಲಿ ಇನ್ನೊಂದು ತಪ್ಪು ಮಾಡಿದೆ. ಕಸ ಇರಬಹುದು ಅಂತ ಅದನ್ನು ಹಳೇ ಪಂಚೆ ಬಟ್ಟೆಯಲ್ಲಿ ಸೋಸಿ ನನ್ನ ಸೈಕಲ್ಲಿನ ಮುಂದಿನ ಚಕ್ರಕ್ಕೆ ಹಾಕಿದೆ. ಹದಿನೈದು ದಿನ ಆದ ಮೇಲೆ ಒಂದೇ ಒಂದು ನೆಗ್ಗಿಲು ಚುಚ್ಚಿ, ಕಿತ್ತ ಕೂಡಲೇ ಹಸಿರು ನೀರು ಪಿಚಕಾರಿಯ ಹಾಗೆ ಹಾರುತ್ತಲೇ ಹೋಯಿತು, ನಿಲ್ಲಲೇ ಇಲ್ಲ. ಮನೆಗೆ ಬಂದು ಆ ಪಂಚೆ ತುಂಡು ಹುಡುಕಿ ನೋಡಿದೆ. ನಾರೆಲ್ಲಾ ಬಟ್ಟೆಯಲ್ಲಿ ಗಟ್ಟಿ ರೊಟ್ಟಿಯ ಹಾಗೆ ಒಣಗಿ ಕೂತಿತ್ತು. ತೂತಿಗೆ ಬೆಣೆ ಆಗುವುದೇ ಆ ನಾರು. ನಾನು ಅದನ್ನು ಸೋಸಿ ತೆಗೆದು ಬರೀ ನೀರು ತುಂಬಿದ್ದೆ. ದಯವಿಟ್ಟು ಸೋಸಬೇಡಿ. ಬಾಟಲಿಯಿಂದ ಸುರಿಯುವ ಮುಂಚೆಯೂ ಒಂದು ನಿಮಿಷ ಚೆನ್ನಾಗಿ ಕುಲುಕಿ, ನಾರು ತಳದಲ್ಲಿ ಕೂತಿರುತ್ತದೆ.

ಅಪ್ಪನ ಸೈಕಲ್ಲಿಗೆ ಕೊನೆಗೆ ಮಾಡಿದ್ದು ಹಳೇ ಉಪಾಯ. ಸವೆದ 28ರ ಟ್ಯೂಬಿನ ವಾಲ್ ಕತ್ತರಿಸಿ, ಉದ್ದಕ್ಕೆ ಸೀಳಿ, ಪಟ್ಟಿ ಮಾಡಿ, ಪೌಡರ್ ಹಚ್ಚಿ ಟೈರಿಗೂ ಟ್ಯೂಬಿಗೂ ನಡುವೆ ಹಾಸಿದೆ. ಮೊದಲ ಸಲ ಪಟ್ಟಿಯ ಎರಡು ತುದಿಯನ್ನು ಎರಡು ಇಂಚು ಒಂದರ ಮೇಲೊಂದು ಕೂರಿಸಿದ್ದೆ. ಅಲ್ಲಿ ಉಬ್ಬು ಬಂದು ಚಕ್ರ ಸುತ್ತಿಗೊಮ್ಮೆ ಕುಕ್ಕುತ್ತಿತ್ತು, ಹತ್ತು ದಿನಕ್ಕೆ ಟ್ಯೂಬನ್ನು ಉಜ್ಜಿ ತೆಳ್ಳಗೆ ಮಾಡಿತ್ತು. ಎರಡನೇ ಸಲ ತುದಿಗೆ ತುದಿ ಮುಟ್ಟುವ ಹಾಗೆ ಕತ್ತರಿಸಿದೆ. ಖರ್ಚು ಸೊನ್ನೆ.

ಮಾರ್ಚ್ 9: ಮನೆಯಲ್ಲೇ ಕಲಸಿದ ಲೇಟೆಕ್ಸ್, ಮಗಳ ಸೈಕಲ್ಲಿಗೆ

ನಾರು ವಾಲಿಗೆ ಸಿಕ್ಕುತ್ತದೆ ಅನ್ನುವುದಾದರೆ ನಾರಿಲ್ಲದ್ದು ಹಾಕೋಣ ಅಂತ ಯೋಚಿಸಿದೆ. ಗುಡ್ಡ ಹತ್ತುವ ಸೈಕಲ್ಲಿನವರು ಟ್ಯೂಬ್‌ಲೆಸ್ ಟೈರಿಗೆ ಹಾಕುವುದು ರಬ್ಬರ್ ಹಾಲಿನ, ಅಂದರೆ ಲೇಟೆಕ್ಸಿನ ಸೀಲೆಂಟ್. ಅದು ದುಬಾರಿ. ಅಚ್ಚು ತೆಗೆಯುವವರು ಬಳಸುವ ದ್ರವ ಲೇಟೆಕ್ಸ್ ಅರ್ಧ ಲೀಟರ್ 280 ರೂಪಾಯಿಗೆ ತರಿಸಿದೆ. ಮುಚ್ಚಳ ತೆಗೆದರೆ ಅಮೋನಿಯಾ ವಾಸನೆ ಮೂಗಿಗೆ ಹೊಡೆಯುತ್ತದೆ, ಬಯಲಲ್ಲೇ ಕೂತು ಮಾಡಿ.

ಮೊದಲ ಸಲ 100 ಎಂ.ಎಲ್. ಲೇಟೆಕ್ಸಿಗೆ 100 ಎಂ.ಎಲ್. ನೀರು, ನಮ್ಮ ಬೋರ್‌ವೆಲ್ ನೀರೇ. ಎರಡು ನಿಮಿಷಕ್ಕೆ ಹಾಲು ಒಡೆದ ಹಾಗೆ ಗರಣೆ ಕಟ್ಟಿತು. ನಮ್ಮ ಕಡೆ ಬೋರಿನ ನೀರು ಎಷ್ಟು ಗಡಸು ಅಂದರೆ ಹಂಡೆಯ ಒಳಗೆ ವರ್ಷಕ್ಕೊಮ್ಮೆ ಬಿಳೀ ಹೊಪ್ಪಳಿಕೆ ಕೆರೆಯಬೇಕು. ಆ ಸುಣ್ಣದ ಅಂಶವೇ ಲೇಟೆಕ್ಸನ್ನು ಒಡೆಯುತ್ತದೆ. ಎರಡನೇ ಸಲ ಊರಿನ ಶುದ್ಧ ನೀರಿನ ಘಟಕದ ಫಿಲ್ಟರ್ ನೀರು ಹಾಕಿದೆ. ಗಂಟು ಕಟ್ಟಲಿಲ್ಲ, ತೆಳು ಮಜ್ಜಿಗೆಯ ಹದಕ್ಕೆ ಬಂತು. ತೂತಿಗೆ ಸಿಕ್ಕಿಕೊಳ್ಳಲು ಏನಾದರೂ ಸಣ್ಣ ಪುಡಿ ಬೇಕಲ್ಲ, ಮಗಳು ತನ್ನ ಕ್ರಾಫ್ಟ್ ಡಬ್ಬಿಯಿಂದ ಬೆಳ್ಳಿ ಬಣ್ಣದ ಮಿನುಗು ಪುಡಿ ಒಂದು ಚಮಚ ಕೊಟ್ಟಳು. ಎರಡೂ ಚಕ್ರಕ್ಕೆ 80, 80.

ಮುಳ್ಳಿಗೆ ಇದು ಹಸಿರಿಗಿಂತ ಚೆನ್ನಾಗಿ ಕೆಲಸ ಮಾಡಿತು ಅನ್ನುವುದನ್ನು ಹೇಳಲೇಬೇಕು. ಎರಡು ವಾರದಲ್ಲಿ ಏಳು ನೆಗ್ಗಿಲು ಕಿತ್ತೆವು, ಒಂದರಲ್ಲೂ ಗಾಳಿ ಇಳಿಯಲಿಲ್ಲ.

ಕೈ ಕೊಟ್ಟದ್ದು ಪರೀಕ್ಷೆಯ ದಿನ. ಬೆಳಿಗ್ಗೆ ಹಿಂದಿನ ಟೈರು ಸ್ವಲ್ಪ ಮೆತ್ತಗಿತ್ತು, ವಾರಕ್ಕೊಮ್ಮೆ ಇಳಿಯುವಷ್ಟೇ. ಪಂಪು ಹಾಕಿ ಒತ್ತಿದರೆ ಗಾಳಿ ಒಳಕ್ಕೇ ಹೋಗುತ್ತಿಲ್ಲ, ಪಂಪಿನ ಹಿಡಿ ಕಲ್ಲಿನ ಹಾಗೆ ನಿಲ್ಲುತ್ತದೆ. ವಾಲ್ ಬಿಚ್ಚಿ ಎಳೆದರೆ ರಬ್ಬರ್ ನಳಿಕೆ ಹಿತ್ತಾಳೆಗೆ ಅಂಟಿ ಎರಡು ತುಂಡಾಗಿ ಬಂತು, ಇದ್ದ ಗಾಳಿಯೂ ಹೋಯಿತು. ಲೇಟೆಕ್ಸ್ ಮುಳ್ಳಿನ ತೂತನ್ನು ಮುಚ್ಚಿದ ಹಾಗೆಯೇ ವಾಲಿನ ತೂತನ್ನೂ ಮುಚ್ಚಿತ್ತು. ಮನೆಯಲ್ಲಿ ಎರಡು ರೂಪಾಯಿಯ ನಳಿಕೆ ಒಂದೂ ಇರಲಿಲ್ಲ. ಮಗಳ ಕಣ್ಣಲ್ಲಿ ನೀರು. ಬೈಕಿನಲ್ಲಿ ಕೂರಿಸಿಕೊಂಡು ಹೋದೆ, ಬೆಲ್ಲಿಗೆ ಎರಡು ನಿಮಿಷ ಮುಂಚೆ ಸೇರಿದಳು. ದಾರಿಯುದ್ದಕ್ಕೂ ನನಗೆ ಕಾಡಿದ್ದು ಒಂದೇ: ಪ್ರಯೋಗವನ್ನು ನನ್ನ ಸೈಕಲ್ಲಿನಲ್ಲಿ ಮಾಡಬೇಕಿತ್ತು, ಅವಳದರಲ್ಲಿ ಅಲ್ಲ.

ಅವತ್ತು ಸಂಜೆ ಆರು ನಳಿಕೆ ತಂದು ಸೀಟಿನ ಕೆಳಗಿನ ಚೀಲದಲ್ಲಿ ಇಟ್ಟೆ.

ಏಪ್ರಿಲ್ 13: ಮಗಳ ಸೈಕಲ್ಲಿಗೆ ವಾಲನ್ನೇ ಬದಲಾಯಿಸಿದ್ದು

ಸ್ಕೂಲಿಗೆ ರಜೆ ಬಂದಿತ್ತು, ಆತುರ ಇರಲಿಲ್ಲ.

ಲೇಟೆಕ್ಸ್ ಹಾಕಿದ ಟ್ಯೂಬುಗಳನ್ನು ಬಿಚ್ಚಿದೆ. ಹಿಂದಿನದನ್ನು ಕತ್ತರಿಸಿ ನೋಡಿದರೆ ಐದು ವಾರಕ್ಕೇ ದ್ರವ ಅರ್ಧ ಉಳಿದಿತ್ತು, ಒಳಗೆ ಗೋಲಿ ಗಾತ್ರದ ರಬ್ಬರ್ ಉಂಡೆ ಒಂದು ಉರುಳಾಡುತ್ತಿತ್ತು. ಏಪ್ರಿಲ್ ಬಿಸಿಲು, ಸೈಕಲ್ ನಿಲ್ಲುವುದು ತಗಡಿನ ಕೆಳಗೆ. ಲೇಟೆಕ್ಸ್ ಹೇಗಿದ್ದರೂ ಕೆಲವು ತಿಂಗಳಿಗೊಮ್ಮೆ ಮತ್ತೆ ಹಾಕಬೇಕಾದ ಪದಾರ್ಥ, ನಮ್ಮ ಬೇಸಿಗೆಗೆ ಇನ್ನೂ ಬೇಗ.

26 × 1 3/8 ಅಳತೆಯಲ್ಲೇ ಪಿನ್ ವಾಲ್ ಇರುವ ಟ್ಯೂಬು ಸಿಗುತ್ತದೆಯಾ ಅಂತ ಬಡವನಹಳ್ಳಿಯ ಸೈಕಲ್ ಶಾಪಿನ ಚಾಚಾನ ಕೇಳಿದೆ. ಎರಡು ದಿನದಲ್ಲಿ ತರಿಸಿಕೊಟ್ಟರು, ಒಂದಕ್ಕೆ 190, ಎರಡಕ್ಕೆ 380. ರಿಮ್ಮಿನ ತೂತು ದೊಡ್ಡದು ಮಾಡಬೇಕಾದೀತು ಅಂತ ಡ್ರಿಲ್ ಮಿಷನ್ ತೆಗೆದಿಟ್ಟಿದ್ದೆ, ಬೇಕಾಗಲಿಲ್ಲ. ಎರಡು ನಮೂನೆ ವಾಲಿನ ಬುಡದ ದಪ್ಪ ಹೆಚ್ಚು ಕಡಿಮೆ ಒಂದೇ. ತೂತಿನ ಅಂಚಿಗೆ ಮಾತ್ರ ಅರ ಆಡಿಸಿ ನುಣುಪು ಮಾಡಿದೆ. ರಿಮ್ ಟೇಪು ಹರಿದಿತ್ತು, ಅದನ್ನೂ ಬದಲಾಯಿಸಿದೆ. ಕಡ್ಡಿಯ ತಲೆ ಚುಚ್ಚಿದರೆ ಯಾವ ಸೀಲೆಂಟೂ ಉಪಯೋಗಕ್ಕೆ ಬರುವುದಿಲ್ಲ.

ಬಾಟಲಿಯಲ್ಲಿ ಉಳಿದಿದ್ದ ಹಸಿರು ದ್ರವ 160. ಒಂದೊಂದು ಚಕ್ರಕ್ಕೆ 80. ಅಲ್ಲಿಗೆ ಬಾಟಲಿ ಖಾಲಿ.

ಈ ಹೊತ್ತಿಗೆ ನನ್ನ ಕೈಗೆ ಕೂತ ಕ್ರಮ ಹೀಗಿದೆ. ವಾಲನ್ನು ಗಡಿಯಾರದ ನಾಲ್ಕು ಗಂಟೆ ಜಾಗಕ್ಕೆ ತಂದು ಗಾಳಿ ಬಿಟ್ಟು ಪಿನ್ ಬಿಚ್ಚುವುದು, ಬಾಟಲಿ ಕುಲುಕುವುದು, ಸಿರಿಂಜಿನಲ್ಲಿ ನಿಧಾನ ಒತ್ತುವುದು. ಪೈಪು ತೆಗೆಯುವ ಮುಂಚೆ ಸಿರಿಂಜಿನಲ್ಲಿ ಒಂದಿಷ್ಟು ಬರೀ ಗಾಳಿ ಒತ್ತಿದರೆ ವಾಲಿನ ಕೊಳವೆಯಲ್ಲಿ ಉಳಿದ ದ್ರವ ಒಳಕ್ಕೆ ಹೋಗುತ್ತದೆ. ಇಲ್ಲದಿದ್ದರೆ ಅದು ಪಿನ್ನಿಗೆ ಮೆತ್ತಿಕೊಳ್ಳುತ್ತದೆ. ಕೊಳವೆಯ ಒಳಗನ್ನು ಹತ್ತಿ ಸುತ್ತಿದ ಬೆಂಕಿಕಡ್ಡಿಯಲ್ಲಿ ಒರೆಸಿ, ಪಿನ್ ಹಾಕಿ, ಗಾಳಿ. ಆಮೇಲೂ ಗಾಳಿ ಹೊಡೆಯುವಾಗ, ಮೀಟರ್ ಹಾಕುವಾಗ ವಾಲ್ ಯಾವತ್ತೂ ಕೆಳಗಿರಬಾರದು. ಸಿರಿಂಜನ್ನು ಕೂಡಲೇ ತೊಳೆಯಿರಿ. ಲೇಟೆಕ್ಸ್ ಎಳೆದಿದ್ದ ನನ್ನ ಸಿರಿಂಜ್ ಮರುದಿನಕ್ಕೆ ಹಿಡಿದುಕೊಂಡು ಕಸಕ್ಕೆ ಹೋಗಿತ್ತು. ಇನ್ನೊಂದು 45 ರೂಪಾಯಿ.

ಮೇ 21: ನನ್ನ ಹಿಂದಿನ ಟೈರು

ಏರಿ ಇಳಿಯುವಾಗ ಕಲ್ಲಿಗೆ ಹೊಡೆದು ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿತು. ಹಾವು ಕಚ್ಚಿದ ಹಾಗೆ ಜೋಡಿ ಸೀಳು. ಸೀಲೆಂಟ್ ನೊರೆ ಬಂತೇ ಹೊರತು ನಿಲ್ಲಲಿಲ್ಲ. ಮೀಟರ್ ನೋಡದೆ ಹದಿನೈದು ದಿನ ಓಡಿಸಿದ್ದೆ, ಗಾಳಿ 25ಕ್ಕೆ ಇಳಿದಿತ್ತು. ಸೀಲೆಂಟ್ ಇದೆ ಅನ್ನುವ ಧೈರ್ಯದಲ್ಲಿ ಗಾಳಿ ನೋಡುವುದನ್ನೇ ಬಿಟ್ಟಿದ್ದೆ. ಈಗ ಭಾನುವಾರ ಭಾನುವಾರ ನೋಡುತ್ತೇನೆ. ಆ ಟ್ಯೂಬಿಗೆ ಪ್ಯಾಚ್ ಹಾಕಿದೆ. ಪ್ಯಾಚಿನ ವಿಷಯ ಮುಂದಿನದರಲ್ಲಿ ಬರುತ್ತದೆ.

ಜೂನ್ 11: ಬಳ್ಳಾರಿ ಜಾಲಿ

ಸ್ಕೂಲು ಶುರುವಾಗಿ ಹತ್ತು ದಿನ. ಮಗಳು ಸಂಜೆ ಸೈಕಲ್ ತಳ್ಳಿಕೊಂಡು ಬಂದಳು. ಹಿಂದಿನ ಟೈರಿನಲ್ಲಿ ಜಾಲಿ ಮುಳ್ಳು, ಎಳೆದರೆ ಒಂದೂವರೆ ಇಂಚು. ತೂತು ಸಣ್ಣದೇ, ನೆಗ್ಗಿಲಿಗಿಂತ ಒಂಚೂರು ದಪ್ಪ. ಸೀಲೆಂಟ್ ಯಾಕೆ ಹಿಡಿಯಲಿಲ್ಲ?

ಟ್ಯೂಬಿಗೆ ಗಾಳಿ ತುಂಬಿ ಬಕೆಟ್ ನೀರಿನಲ್ಲಿ ಅದ್ದಿದೆ. ಮುಳ್ಳು ಹೊಕ್ಕ ಕಡೆ, ಅಂದರೆ ಟೈರಿನ ಪಕ್ಕದಲ್ಲಿ, ಒಂದು ಗುಳ್ಳೆಯೂ ಇಲ್ಲ. ಅಲ್ಲಿ ಹಸಿರು ಬೆಣೆ ಚೆನ್ನಾಗಿ ಕೂತಿತ್ತು. ಗುಳ್ಳೆ ಬರುತ್ತಿದ್ದದ್ದು ಅದಕ್ಕೆ ನೇರ ಎದುರಿಗೆ, ರಿಮ್ಮಿನ ಪಕ್ಕದಲ್ಲಿ. ಉದ್ದ ಮುಳ್ಳು ಒಂದು ಕಡೆ ಹೊಕ್ಕು ಇನ್ನೊಂದು ಕಡೆಗೂ ಚುಚ್ಚಿದೆ. ಚಕ್ರ ತಿರುಗುವಾಗ ದ್ರವವೆಲ್ಲಾ ಹೊರಗಡೆಗೆ, ಟೈರಿನ ಪಕ್ಕಕ್ಕೆ ಒತ್ತಿಕೊಂಡು ಓಡುತ್ತದೆ. ರಿಮ್ಮಿನ ಪಕ್ಕದ ತೂತಿಗೆ ಅದು ಮುಟ್ಟುವುದೇ ಇಲ್ಲ. ಚಕ್ರವನ್ನು ಅಡ್ಡ ಮಲಗಿಸಿ ಕುಲುಕಿ ನೋಡಿದೆ, ಟ್ಯೂಬನ್ನೇ ಈಚೆ ತೆಗೆದು ಆ ತೂತು ಕೆಳಗೆ ಬರುವಂತೆ ಹಿಡಿದೂ ನೋಡಿದೆ. ಟ್ಯೂಬು ಕೈಯಲ್ಲಿರುವಾಗ ಮುಚ್ಚಿತು, ಟೈರಿಗೆ ಹಾಕಿ 40 ಪಾಯಿಂಟ್ ಹೊಡೆದರೆ ಬಿಟ್ಟಿತು. ಪ್ಯಾಚ್ ಹಾಕದೆ ದಾರಿಯಿಲ್ಲ.

ಚಾಚಾ ಹತ್ತಿರ ಹೋದೆ. ಜನವರಿಯಲ್ಲೇ ಅವರು ಹೇಳಿದ್ದರು, "ಈ ಅಂಟೆಲ್ಲಾ ಹಾಕ್ಬೇಡಿ ಸಾರ್, ನಾಳೆ ಪಂಚರ್ ಆದ್ರೆ ಸಲ್ಯೂಷನ್ ಹಿಡಿಯಲ್ಲ." ಆ ಮಾತು ನಿಜವಾಯಿತು. ಪೆಟ್ರೋಲ್ ಬಟ್ಟೆಯಲ್ಲಿ ಒರೆಸಿ ಹಾಕಿದ ಪ್ಯಾಚ್ ಮರುದಿನ ಸಂಜೆಗೆ ಎದ್ದಿತು. ನಾನು ಮೇ ತಿಂಗಳಲ್ಲಿ ಹಾಕಿದ ಮೊದಲ ಪ್ಯಾಚೂ ಹೀಗೇ ಎದ್ದಿತ್ತು, ಎರಡನೆಯದು ನಿಂತಿತ್ತು. ಎರಡಕ್ಕೂ ವ್ಯತ್ಯಾಸ ಏನು ಅಂತ ಕೂತು ಯೋಚಿಸಿದೆ. ಎರಡನೇ ಸಲ ನಾನು ಟ್ಯೂಬನ್ನು ಸೋಪಿನ ನೀರಲ್ಲಿ ತೊಳೆದಿದ್ದೆ. ಗ್ಲೈಕಾಲ್ ನೀರಿಗೆ ಕರಗುತ್ತದೆ, ಪೆಟ್ರೋಲಿಗೆ ಬರೀ ಹರಡಿಕೊಳ್ಳುತ್ತದೆ.

ಚಾಚಾನ ಅಂಗಡಿಯಲ್ಲೇ ಮತ್ತೆ ಮಾಡಿದೆವು. ಪಿನ್ ತೆಗೆದು ಗಾಳಿ ಪೂರಾ ಬಿಟ್ಟು, ತೂತು ಇರುವ ಭಾಗವನ್ನು ಮೇಲಕ್ಕೆ ಎತ್ತಿ ದ್ರವ ಕೆಳಕ್ಕೆ ಇಳಿಯುವ ಹಾಗೆ ತಗುಲಿಸಿದೆವು. ಸೋಪಿನ ನೀರು, ಒಳ್ಳೇ ನೀರು, ಒಣ ಬಟ್ಟೆ. ಆಮೇಲೆ ಮರಳು ಕಾಗದ. ಆಮೇಲೆ ಪೆಟ್ರೋಲ್ ಒಂದು ಸಲ. ಸಲ್ಯೂಷನ್ ಹಚ್ಚಿ ಐದು ನಿಮಿಷ ಮುಟ್ಟಲಿಲ್ಲ, ಬೆರಳಿಗೆ ಅಂಟದಷ್ಟು ಆರಿದ ಮೇಲೆ ಪ್ಯಾಚ್ ಇಟ್ಟು ಬಾಟಲಿಯ ಬುಡದಲ್ಲಿ ಉಜ್ಜಿದೆವು. ಅಷ್ಟು ಹೊತ್ತೂ ತೂತಿನಿಂದ ಒಂದು ಹನಿ ದ್ರವವೂ ಮೇಲೆ ಬರದಂತೆ ಟ್ಯೂಬನ್ನು ಚಾಚಾ ಎರಡೂ ಕಡೆ ಹಿಂಡಿ ಹಿಡಿದಿದ್ದರು. ಆ ಪ್ಯಾಚ್ ಇವತ್ತಿಗೂ ನಿಂತಿದೆ. "ಸೋಪು ಹಾಕ್ಬೇಕು ಅಂತ ನಲವತ್ತು ವರ್ಷದಲ್ಲಿ ಗೊತ್ತಿರ್ಲಿಲ್ಲ ನೋಡಿ," ಅಂದರು. ನಲವತ್ತು ವರ್ಷದಲ್ಲಿ ಅವರ ಕೈಗೆ ಸೀಲೆಂಟ್ ಹಾಕಿದ ಟ್ಯೂಬು ಬಂದಿದ್ದೇ ಮೊದಲು. ಹಿಂಡಿ ಹಿಡಿಯುವ ಉಪಾಯ ಅವರದೇ, ನನಗೆ ಹೊಳೆದಿರಲಿಲ್ಲ.

ಜುಲೈ 13: ಇವತ್ತಿನ ತನಕ

ನನ್ನ ಹಿಂದಿನ ಟೈರಿನಿಂದ ಫೆಬ್ರವರಿ ಈಚೆಗೆ 23 ಮುಳ್ಳು ಕಿತ್ತಿದ್ದೇನೆ, ಅಂಗಳದ ಹತ್ತನ್ನು ಬಿಟ್ಟು. ಗಾಳಿ ಪೂರಾ ಹೋಗಿದ್ದು ಆ ಕಲ್ಲಿನದು ಒಂದೇ ಸಲ. ಮಗಳದು ಜಾಲಿಯ ಒಂದು ಸಲ. ಅಪ್ಪನದು ಪಟ್ಟಿ ಹಾಸಿದ ಮೇಲೆ ಒಂದು ಸಲ, ಅದು ಲಾಳದ ಮೊಳೆ, ಪಟ್ಟಿಯನ್ನೂ ದಾಟಿ ಹೋಗಿತ್ತು. ನನ್ನ ಮುಂದಿನ ಚಕ್ರಕ್ಕೆ ಸೋಸಿದ ನೀರು ಹೋದ ಮೇಲೆ ಏನೂ ಹಾಕಿಲ್ಲ, ಅದು ಎರಡು ಸಲ ಪಂಚರ್ ಆಯಿತು.

ದುಡ್ಡು: ಮೊದಲಿನ ಸಾಮಾನು 435, ಪಿನ್ 10, ನನ್ನ ಟ್ಯೂಬು 180, ಲೇಟೆಕ್ಸ್ 280, ಮಗಳ ಟ್ಯೂಬು 380, ಎರಡನೇ ಸಿರಿಂಜ್ 45, ವಾಲ್ ನಳಿಕೆ ಆರು 12. ಒಟ್ಟು 1,342. ಇದರಲ್ಲಿ ಲೇಟೆಕ್ಸ್, ಎರಡನೇ ಸಿರಿಂಜ್, ಹಾರಿ ಹೋದ ಪಿನ್, ಹಳೇ ಟ್ಯೂಬಿನಲ್ಲಿ ಹೋದ ಕಾಲು ಬಾಟಲಿ ನನ್ನ ತಪ್ಪಿನ ಲೆಕ್ಕಕ್ಕೆ. ನೇರವಾಗಿ ಮಾಡುವವರಿಗೆ ಪಿನ್ ವಾಲಿನ ಒಳ್ಳೇ ಟ್ಯೂಬು ಆಗಲೇ ಇದ್ದರೆ 435ರಲ್ಲಿ ಎರಡು ಸೈಕಲ್ ಮುಗಿಯುತ್ತವೆ.

ಒಂದು ಮಾತು ಬಾಕಿ. ನವೆಂಬರಿನಿಂದ ಜನವರಿ ತನಕ ಆದ ಹದಿನೇಳು ಪಂಚರಿಗೆ ಈಗಿನ ಲೆಕ್ಕವನ್ನು ಹೋಲಿಸಿ ಗೆದ್ದೆ ಅನ್ನಲು ಆಗುವುದಿಲ್ಲ. ಈಗ ಮಳೆ ಬಿದ್ದು ನೆಗ್ಗಿಲು ಹಸಿರಾಗಿ ಹಳದಿ ಹೂ ಬಿಟ್ಟಿದೆ, ಹೊಸ ಕಾಯಿ ಇನ್ನೂ ಮೆತ್ತಗಿದೆ. ಅದು ಒಣಗಿ ಗಟ್ಟಿಯಾಗಿ ದಾರಿಗೆ ಬೀಳುವುದು ಕಡ್ಲೆಕಾಯಿ ಕಿತ್ತ ಮೇಲೆ. ಮಗಳ ಹಿಂದಿನ ಟ್ಯೂಬಿನಲ್ಲಿ ಪ್ಯಾಚ್ ಹಾಕುವಾಗ ಹೋದದ್ದನ್ನು ತುಂಬಲು 40 ಎಂ.ಎಲ್., ನನ್ನ ಮುಂದಿನ ಚಕ್ರಕ್ಕೆ 120. ಹೊಸ ಬಾಟಲಿ ಶನಿವಾರ ತರುತ್ತೇನೆ. ಕ್ಯಾಲೆಂಡರಿನಲ್ಲಿ ನವೆಂಬರ್ 1ರಿಂದ ಮತ್ತೆ ಗುರುತು ಹಾಕುವುದು ಮಗಳ ಕೆಲಸ. ಆಗಲೇ ಪೆನ್ಸಿಲ್ಲಿಗೆ ದಾರ ಕಟ್ಟಿ ಮೊಳೆಗೆ ತಗುಲಿಸಿದ್ದಾಳೆ.